ಮಾಮಾ ತಂದ ಹಳೆಯ ಗಾಳಿ

ನಮ್ಮ ಮಾಮಾನ ಮುಂದೆ 'ಹೆಚ್ಚುಕಡಿಮೆ' ಎಂದವರು ಜೀವಂತ ಮರಳಿದ್ದುಂಟು, ನೆಮ್ಮದಿಯಿಂದ ಮರಳಿದ್ದಿಲ್ಲ! ಆ ಒಂದು ಪದವನ್ನು ಅವನು ತನ್ನ ಮನೆಯಿಂದ ಗಡಿಪಾರು ಮಾಡಿದ್ದ. "ಅನ್ನ ಹೆಚ್ಚುಕಡಿಮಿ ಆಗ್ಯದ, ಏಳ್ರಿ" ಎಂದು ಮಾಮಿ ಒಳಗಿನಿಂದ ಕರೆದರೆ, "ಆಗ್ಯದೋ, ಇನ್ನೂ ಆಗಬೇಕೋ?" ಎಂದು ಇವನ ವಿಚಾರಣೆ ಶುರು. ವಿಚಾರಣೆ ಮುಗಿಯುವಷ್ಟರಲ್ಲಿ ಅನ್ನ ಆಗಿ, ಆರಿ, ಗಟ್ಟಿಯಾಗಿರುತ್ತಿತ್ತು.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಕೌತಾಳಂನಲ್ಲಿ ಕಾಲೇಜಿಲ್ಲದ ಕಾರಣ ಎಂಬತ್ತರ ದಶಕದ ಮೊದಲಲ್ಲಿ ನಾನು ಆದೋನಿಯಲ್ಲಿ ಅವನ ಮನೆಯಲ್ಲೇ ಇದ್ದು ಓದುತ್ತಿದ್ದೆ. ಅವನು ದಿನಾ ಬಸ್ಸು ಹಿಡಿದು ಆಲೂರಿನ ಸರ್ಕಾರಿ ಕಚೇರಿಗೆ ಗುಮಾಸ್ತಿಕೆಗೆ ಹೋಗುತ್ತಿದ್ದ. ಅಲ್ಲಿ ಅವನ ಪಾಲಿಗೆ ಬಂದಿದ್ದ ಹೆಚ್ಚುವರಿ ಕೆಲಸ, ಕಚೇರಿಯ ಅಂಗಳದಲ್ಲಿದ್ದ ಮಳೆಮಾಪಕ ನೋಡುವುದು. ಆಲೂರಿನಲ್ಲಿ ಮಳೆ ಅಳೆಯುವುದೆಂದರೆ ಏನು ಕೇಳುತ್ತೀರಿ! ವರ್ಷದ ಬಹುಪಾಲು ಸೊನ್ನೆ. ಆದರೆ ಆ ಸೊನ್ನೆಯನ್ನೂ ಅವನು ಮೊಣಕಾಲೂರಿ, ಗಾಜಿನ ಅಳತೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಉಸಿರು ಬಿಗಿಹಿಡಿದು ಅಳೆಯುತ್ತಿದ್ದ. ಸೊನ್ನೆಗೆ ಅಷ್ಟು ಮರ್ಯಾದೆ ಕೊಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಮ್ಮೆ ಮದುವೆಗೆಂದು ಆಸ್ಪರಿಗೆ ಹೊರಟಿದ್ದೆವು. ಕಂಡಕ್ಟರು "ಆಸ್ಪರಿ ಹೆಚ್ಚುಕಡಿಮಿ ಬಂತು ನೋಡ್ರಿ, ಏಳ್ರಿ" ಎಂದ. ನಾವೆಲ್ಲ ಎದ್ದೆವು. ಮಾಮಾ ಏಳಲಿಲ್ಲ. ಬಂದಿದ್ದರೆ ಬಂತು ಎನ್ನಬೇಕು, ಬಾರದಿದ್ದರೆ ಬರುತ್ತದೆ ಎನ್ನಬೇಕು, ಎರಡೂ ಅಲ್ಲದ್ದನ್ನು ನಂಬಿ ತಾನು ಏಳುವವನಲ್ಲ ಎಂದು ಕೂತೇ ವಾದಿಸಿದ. ನಾವು ಇಳಿದೆವು, ವಾದದ ಸಮೇತ ಬಸ್ಸು ಮುಂದಕ್ಕೆ ಹೋಯಿತು. ಮುಂದಿನ ಹಳ್ಳಿಯಿಂದ ನಡೆದು ಬಂದ ಮಾಮಾ ಅಕ್ಷತೆಗೆ ಸಿಗಲಿಲ್ಲ, ಊಟಕ್ಕೆ ಸಿಕ್ಕ.

ಇಂಥವನ ಕೈಗೆ ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ವಿಜ್ಞಾನ ಪತ್ರಿಕೆ ಸಿಕ್ಕಿತು. ನಮ್ಮ ಗ್ರಹಚಾರ! ಎತ್ತರದ ಪರ್ವತಗಳ ಹಿಮನದಿಗಳಲ್ಲಿ ವರ್ಷಕ್ಕೊಂದು ಪದರಿನಂತೆ ಹಿಮ ಕೂಡುತ್ತದಂತೆ. ವಿಜ್ಞಾನಿಗಳು ಕೊಳವೆಯಂಥ ಬೈರಿಗೆಯಿಂದ ಕೊರೆದು ಉದ್ದನೆಯ ಮಂಜಿನ ಕೋಲು ಹೊರಗೆಳೆದು ಆ ಪದರುಗಳನ್ನು ಓದುತ್ತಾರಂತೆ. ಹಿಮ ಚೆನ್ನಾಗಿ ಬಿದ್ದ ವರ್ಷಕ್ಕೆ ದಪ್ಪ ಪದರು, ಒಣ ವರ್ಷಕ್ಕೆ ಧೂಳಿನ ಗೆರೆ. ನಡುನಡುವೆ ಗುಳ್ಳೆಗಳು, ಗುಳ್ಳೆಯೊಳಗೆ ಆ ಕಾಲದ ಗಾಳಿ! ಮಾಮಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ನಾ ದಿನಾ ಅಳದು ನೆಲಕ್ಕ ಚೆಲ್ತೀನಿ. ಅದು ಅಳದು ಇಟ್ಕೊಂಡದ ನೋಡವಾ" ಎಂದು ನನ್ನ ಹತ್ತಿರ ಹೇಳಿಕೊಂಡ. ಅವನ ದನಿಯಲ್ಲಿ ಹೊಟ್ಟೆಕಿಚ್ಚೇ ಇತ್ತು.

ಹಿಮಾಲಯ ದೂರ, ಗೋಡೆ ಹತ್ತಿರ. ನಮ್ಮಲ್ಲಿ ಪ್ರತಿ ಯುಗಾದಿಗೆ ಮನೆಗೆ ಸುಣ್ಣ ಹೊಡೆಯುತ್ತಾರಲ್ಲ, ಅದೂ ವರ್ಷಕ್ಕೊಂದು ಪದರು ತಾನೇ? ಮಾಮಾ ನಡುಮನೆಯ ಗೋಡೆಯಿಂದ ಅಂಗೈಯಗಲದ ಚಕ್ಕೆ ಎಬ್ಬಿಸಿ, ಭೂತಗನ್ನಡಿ ಹಿಡಿದು ಇತಿಹಾಸ ಓದತೊಡಗಿದ. ನಡುವೆ ಒಂದು ಕೆಂಪು ಗೆರೆ ಸಿಕ್ಕಿತು. ಬರಗಾಲದ ವರ್ಷ, ಕೆಂಧೂಳು ಎದ್ದು ಗೋಡೆಗೆ ಕೂತಿದೆ ಎಂದು ಘೋಷಿಸಿದ. ಮಾಮಿ ಕಸಬರಿಗೆ ಹಿಡಿದೇ ಬಂದು ನೋಡಿ, ಅದು ನನ್ನ ತಾಯಿಯ ಮದುವೆಯ ವರ್ಷವೆಂದೂ ಆಗ ಸುಣ್ಣದ ಮೇಲೆ ಕೆಮ್ಮಣ್ಣು ಬಳಿದಿದ್ದರೆಂದೂ ತಿಳಿಸಿದಳು. ಹೀಗೆ ನನ್ನ ತಾಯಿಯ ಮದುವೆ ಒಂದು ಬರಗಾಲವೆಂದು ದಾಖಲಾಯಿತು. ಸುದ್ದಿ ಕೇಳಿದ ನಮ್ಮಪ್ಪ ಏನೂ ಆಕ್ಷೇಪ ಎತ್ತಲಿಲ್ಲ.

ಆಮೇಲೆ ಬಡಗಿಯ ಬೈರಿಗೆ ತೆಗೆದುಕೊಂಡು ಊರಿನ ಐಸ್ ಫ್ಯಾಕ್ಟರಿಗೆ ಹೋದ. ದೊಡ್ಡ ಗಡ್ಡೆಯೊಂದನ್ನು ಕೊರೆಯುವಾಗ ಅದರಲ್ಲಿ ಎರಡು ಪದರು, ನಡುವೆ ಗುಳ್ಳೆಗಳ ಬಿಳಿ ಗೆರೆ ಕಂಡವು. ಫ್ಯಾಕ್ಟರಿಯವನು ತಲೆ ಕೆರೆದುಕೊಂಡು, "ನಿನ್ನಿ ಕಟ್ಟಿದ್ದು ಸಾರೂ. ನಡುವ ಕರೆಂಟ್ ಹೋಗಿ ಬಂತು, ಅದಕ್ಕ ಹಂಗಾಗೈತಿ" ಎಂದ. ಬೇರೆಯವರಾಗಿದ್ದರೆ ಪೆಚ್ಚಾಗುತ್ತಿದ್ದರು. ಮಾಮಾ ಕುಣಿದಾಡಿದ! ಕರೆಂಟು ಹೋದದ್ದು ಕೂಡ ಐಸಿನಲ್ಲಿ ಉಳಿದಿದೆ ಎಂದ ಮೇಲೆ ಇನ್ನೇನು ಬೇಕು? ಅಂದಿನಿಂದ ಅವನಿಗೆ ಒಂದೇ ಹಂಬಲ, ನಿಜವಾದ ಹಿಮನದಿಯ ಒಂದು ತುಂಡನ್ನು ಕೈಯಲ್ಲಿ ಹಿಡಿದು ಭೂತಗನ್ನಡಿಯಿಂದ ನೋಡಬೇಕು.

ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಹಂಬಲ ಕೂತಿತ್ತು, ಅದು ನಮ್ಮ ಅಜ್ಜಿಯದು. ನಮ್ಮಂಥ ಮನೆಗಳಲ್ಲಿ ಕಾಶಿಗೆ ಹೋದವರು ಗಂಗೆಯನ್ನು ತಾಮ್ರದ ಗಿಂಡಿಯಲ್ಲಿ ತಂದು, ಬಾಯಿಗೆ ಬೆಸುಗೆ ಹಾಕಿಸಿ ದೇವರ ಮನೆಯಲ್ಲಿ ಇಡುತ್ತಾರೆ. ಕಡೆಗಾಲಕ್ಕೆ ಒಂದು ಗುಟುಕು ಬಾಯಿಗೆ ಬೇಕಲ್ಲ! ಆದರೆ ಅಜ್ಜ ಹೋಗುವಾಗ ಗಿಂಡಿ ಒಡೆದರೆ ಒಳಗೆ ಹನಿ ನೀರಿರಲಿಲ್ಲ, ಎಂದೋ ಆರಿಹೋಗಿತ್ತು. ಅಜ್ಜಿ ಬಾವಿ ನೀರನ್ನೇ ಗಂಗೆ ಎಂದು ಹೇಳಿ ಅವರ ಬಾಯಿಗೆ ಬಿಟ್ಟಳು. ಅದು ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಈಗ ಅವಳಿಗೂ ವಯಸ್ಸಾಗಿ ಕಣ್ಣು ಮಂಜಾಗಿದ್ದವು. ಮಗ ತನ್ನ ಕೈಯಾರೆ ಗಂಗೆ ತರಬೇಕು, ಅದು ಬರುವವರೆಗೆ ತಾನು ಯಮನಿಗೂ ಜಗ್ಗುವವಳಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಯಮನನ್ನು ಅವಳು ಬಾಗಿಲಲ್ಲಿ ನಿಲ್ಲಿಸಿದ ರೀತಿ ನೋಡಿದರೆ ನಮಗೇ ಅವನ ಮೇಲೆ ಕನಿಕರ ಬರುತ್ತಿತ್ತು.

ಎರಡು ಹಂಬಲಗಳೂ ಒಂದೇ ದಿಕ್ಕಿನವು. ಬೇಸಿಗೆಯಲ್ಲಿ ಉತ್ತರ ಯಾತ್ರೆಗೆ ಹೊರಟ ಗುಂಪಿನೊಂದಿಗೆ ಮಾಮಾನನ್ನು ಕಳಿಸಿದೆವು. ಗೋಮುಖದಲ್ಲಿ ಹಿಮನದಿಯ ತುದಿಯಿಂದಲೇ ಗಂಗೆ ಹೊರಡುತ್ತಾಳೆ, ಅಲ್ಲಿನ ಹಿಮ ಮೇಲಿಂದ ಜರುಗಿ ಬರಲು ನೂರಾರು ವರ್ಷ ಹಿಡಿದಿರುತ್ತದೆ ಎಂದು ಹೊರಡುವ ಮುಂಚೆ ಎಲ್ಲರಿಗೂ ಪಾಠ ಹೇಳಿದ. ಅಜ್ಜಿಗೂ ಹೇಳಿದ. ಮಾಮಿ ತಾಮ್ರದ ಗಿಂಡಿ ತೊಳೆದು ಕೊಟ್ಟು, ತುಂಬಿಸಿಕೊಂಡು ಬರಲು ಮತ್ತೆ ಮತ್ತೆ ಹೇಳಿದಳು.

ವಾಪಸು ಬರುವ ದಿನ ನಾವೆಲ್ಲ ಗಂಗೆಯನ್ನು ಎದುರುಗೊಳ್ಳಲು ಅರಿಶಿನ ಕುಂಕುಮ, ಆರತಿ ಹಿಡಿದು ಆದೋನಿ ಸ್ಟೇಷನ್ನಿಗೆ ಹೋದೆವು. ರೈಲಿನಿಂದ ಮೊದಲು ಇಳಿದದ್ದು ತೊಟ್ಟಿಕ್ಕುವ ಒಂದು ತಗಡಿನ ಟ್ರಂಕು. ಹಿಂದೆ ಮಾಮಾ. ಅವನ ಹಿಂದೆ ಪಂಚೆ ತೊಯ್ದ, ಮುಖ ಊದಿಸಿಕೊಂಡ ಯಾತ್ರಿಕರು. ಗೋಮುಖದಲ್ಲಿ ಎತ್ತಿಕೊಂಡ ಹಿಮದ ತುಂಡನ್ನು ಅಗಲ ಬಾಯಿಯ ಫ್ಲಾಸ್ಕಿನಲ್ಲಿಟ್ಟು, ಅದನ್ನು ಟ್ರಂಕಿನೊಳಗೆ ಕಟ್ಟಿಗೆ ಹೊಟ್ಟಿನಲ್ಲಿ ಹೂತು, ದಿಲ್ಲಿ, ಝಾನ್ಸಿ, ಮನ್ಮಾಡ ಎಂದು ದೊಡ್ಡ ಸ್ಟೇಷನ್ನುಗಳಲ್ಲೆಲ್ಲ ಇಳಿದು ಹೊಸ ಐಸು ತುಂಬಿಸುತ್ತಾ ಬಂದಿದ್ದ! ಗಿಂಡಿ ಎಲ್ಲಿ ಎಂದು ಮಾಮಿ ಕೇಳಿದಳು. ಗಿಂಡಿಯೂ ಬಂದಿತ್ತು, ಖಾಲಿ. ಟ್ರಂಕಿನ ನೀರು ಎತ್ತಿ ಚೆಲ್ಲಲು ಅದು ಬಹಳ ಅನುಕೂಲವಾಯಿತಂತೆ. ಮಾಮಿ ಆರತಿಯನ್ನು ಅಲ್ಲೇ ಊದಿ ಆರಿಸಿದಳು.

ಮನೆಯಲ್ಲಿ ಫ್ಲಾಸ್ಕು ತೆರೆದರೆ ನಿಂಬೆಹಣ್ಣಿನಷ್ಟು ಹಿಮ ಉಳಿದಿತ್ತು. ಬೆಳ್ಳಿ ಬಟ್ಟಲಿಗೆ ಹಾಕಿದೆವು. ಪೂಜೆಗೆ ಬಂದಿದ್ದ ಆಚಾರ್ಯರು ಅನುಮಾನದಿಂದ ನೋಡಿ, ಗಂಗೆ ಎಂದರೆ ಹರಿಯಬೇಕು, ಇದು ಹರಿಯುತ್ತಿಲ್ಲವಲ್ಲ ಎಂದರು. ಸ್ವಲ್ಪ ತಡೆದರೆ ಹರಿಯುತ್ತದೆ ಎಂದ ಮಾಮಾ. ಅದೇ ಅವನ ಸಂಕಟವೂ ಆಗಿತ್ತು! ಆದೋನಿಯ ಬೇಸಿಗೆ, ನಿಂಬೆಹಣ್ಣು ನೋಡನೋಡುತ್ತ ಅಡಿಕೆಯಾಗುತ್ತಿತ್ತು. ಪದರು, ಧೂಳಿನ ಗೆರೆ, ಗುಳ್ಳೆ, ಎಲ್ಲವನ್ನೂ ಆ ನಾಲ್ಕಾರು ನಿಮಿಷದಲ್ಲೇ ನೋಡಬೇಕು. ಅವನು ಭೂತಗನ್ನಡಿ ತೆಗೆದ.

ಅಷ್ಟರಲ್ಲಿ ಅಜ್ಜಿ ಕೈ ಚಾಚಿದಳು. ಮಾಮಾ ಒಂದು ಗಳಿಗೆ ತಡೆದು, ಬಟ್ಟಲನ್ನು ಅವಳ ಕೈಗಿಟ್ಟ. ಕರಗುವ ಹಿಮದಿಂದ ಚಿಟ್ ಚಿಟ್ ಎಂದು ಸಣ್ಣ ಸದ್ದು ಬರುತ್ತಿತ್ತು. ಅಜ್ಜಿ ಬಟ್ಟಲನ್ನು ಕಿವಿಯ ಹತ್ತಿರ ಹಿಡಿದು, ಒಳಗೆ ಯಾರು ಎಂಬಂತೆ ಆಲಿಸಿದಳು.

"ಏನೋ ಇದು ಸಪ್ಪಳ?"

"ಗುಳ್ಳಿ ಒಡೀಲಿಕ್ಕತ್ಯಾವವ್ವಾ. ಒಳಗಿನ ಹಳೇ ಗಾಳಿ ಹೊರಗ ಬರ್ತದ."

ಅಜ್ಜಿ ಮೆಲ್ಲಗೆ ಕೇಳಿದಳು. "ನಿಮ್ಮಪ್ಪ ಇದ್ದಾಗಿನ ಗಾಳಿಯೇನೋ?"

ಉತ್ತರ ನಮಗೆಲ್ಲ ಗೊತ್ತಿತ್ತು. ನೂರಾರು ವರ್ಷದ್ದು, ಅಜ್ಜನ ಅಜ್ಜನೂ ಆಗ ಹುಟ್ಟಿರಲಿಲ್ಲ ಎಂದು ಈಗ ಶುರು ಮಾಡುತ್ತಾನೆ, ಆಸ್ಪರಿಯ ಕಂಡಕ್ಟರನ್ನೇ ಬಿಡದವನು ಹೆತ್ತ ತಾಯಿಯನ್ನು ಬಿಟ್ಟಾನೆಯೇ? ಮಾಮಿ ಕಣ್ಣಿನಲ್ಲೇ ಬೇಡ ಬೇಡ ಎನ್ನುತ್ತಿದ್ದಳು. ಮಾಮಾ ತಾಯಿಯ ಮುಖವನ್ನೇ ನೋಡುತ್ತಿದ್ದ.

"ಹೌದವ್ವಾ," ಎಂದ. "ಅಪ್ಪ ಇದ್ದಾಗಿಂದ."

ಅಜ್ಜಿ ಬಟ್ಟಲಿನ ಮೇಲೆ ಮುಖ ಬಾಗಿಸಿ ನಿಧಾನವಾಗಿ, ಆಳವಾಗಿ ಉಸಿರೆಳೆದುಕೊಂಡಳು. ಮತ್ತೊಮ್ಮೆ ಎಳೆದುಕೊಂಡಳು. ಹಿಮ ಪೂರಾ ಕರಗಿದ ಮೇಲೆ ಅರ್ಧ ತಾನು ಕುಡಿದು, ಇನ್ನರ್ಧವನ್ನು ಅಜ್ಜನ ಹೆಸರು ಹೇಳಿ ತುಳಸಿಗೆ ಹಾಕಿಸಿದಳು. ಅವಳ ಮುಖ ಅಷ್ಟು ಹಗುರಾದದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಮಾಮಾ ಭೂತಗನ್ನಡಿಯನ್ನು ಪಂಚೆಯ ಚುಂಗಿನಿಂದ ಒರೆಸಿ, ಒಮ್ಮೆಯೂ ಬಳಸದೆ ಡಬ್ಬಿಗೆ ಹಾಕುತ್ತಿದ್ದ. ನಾನು ಹತ್ತಿರ ಹೋಗಿ, ನೂರಾರು ವರ್ಷದ್ದು ಅಂತ ನೀನೇ ಪಾಠ ಹೇಳಿದ್ದೆಯಲ್ಲ ಮಾಮಾ ಎಂದು ಪಿಸುಗುಟ್ಟಿದೆ. ಅವನು ತಲೆ ಎತ್ತಲಿಲ್ಲ.

"ಇಂಥಾ ಲೆಕ್ಕದಾಗ," ಎಂದ, "ಹೆಚ್ಚುಕಡಿಮಿ ಇರ್ತದವಾ."