ಸೋಹಂ–ಹಂಸ ವ್ಯಾಜ್ಯದಲ್ಲಿ ಅಮ್ಮನ ಉಸಿರು

ಇಂದ:
ಎರಡನೇ ಮಹಡಿಯಲ್ಲಿ ವಾಸವಿರುವ ಲಿಫ್ಟ್ ರಿಪೇರಿಯವ

ಗೆ:
ಮಾನ್ಯ ಅಧ್ಯಕ್ಷರು, ಕಟ್ಟಡದ ನಿವಾಸಿಗಳ ಸಂಘ

ವಿಷಯ: ಸಭಾಂಗಣದಲ್ಲಿ ಮೂರನೆಯ ಪರಂಪರೆಗೆ ಜಾಗ ಕೋರಿ.

ಉಲ್ಲೇಖ: ನಮ್ಮ ಮನೆಯಲ್ಲಿ ಪಾತ್ರೆ ಕುಕ್ಕುವ ಸದ್ದಿನ ಬಗ್ಗೆ ಕೆಳಗಿನ ಮನೆಯವರು ತಮಗೆ ಕೊಟ್ಟ ದೂರು.

ಮಾನ್ಯರೇ,

೧. ಸಭಾಂಗಣದಲ್ಲಿ ಬೆಳಿಗ್ಗೆ ಗಡ್ಡದ ಗುರುಗಳೂ ಸಂಜೆ ಟೀಚರಮ್ಮನವರೂ ಯೋಗ ಕಲಿಸುವುದು ತಮಗೆ ತಿಳಿದೇ ಇದೆ. ನಾನು ಬೆಳಗಿನವನು, ಹೆಂಡತಿ ಸಂಜೆಯವಳು. ಗುರುಗಳ ಪ್ರಕಾರ ‘ಸೋ’ ಎಂದು ಉಸಿರೆಳೆದು ‘ಹಂ’ ಎಂದು ಬಿಡತಕ್ಕದ್ದು. ಟೀಚರಮ್ಮನವರ ಪ್ರಕಾರ ‘ಹಂ’ ಎಂದು ಎಳೆದು ‘ಸ’ ಎಂದು ಬಿಡತಕ್ಕದ್ದು. ಆದಕಾರಣ, ಮನೆಯಲ್ಲಿ ಒಂದೇ ಚಾಪೆಯ ಮೇಲೆ ಕೂತ ದಂಪತಿಗಳಲ್ಲಿ ಒಬ್ಬರು ಒಳಗೆ ತೆಗೆದುಕೊಂಡದ್ದನ್ನು ಇನ್ನೊಬ್ಬರು ಹೊರಗೆ ಹಾಕುವ ಪರಿಸ್ಥಿತಿ ಉಂಟಾಯಿತು.

೨. “ದಿನವಿಡೀ ಲಿಫ್ಟ್ ಮೇಲೆ ಕೆಳಗೆ ಆಡಿಸ್ತೀರಿ, ಒಳಗೆ ಯಾವುದು ಹೊರಗೆ ಯಾವುದು ಗೊತ್ತಾಗಲ್ವಾ?” ಎಂದಳು ಹೆಂಡತಿ. ಆದ್ದರಿಂದ ಇಬ್ಬರಲ್ಲೂ ವಿಚಾರಿಸಿದೆ. “ನಮ್ಮ ಗುರುಗಳ ಗುರುಗಳೂ ಹೀಗೇ ಎಳ್ಕೊಂಡ್ರು” ಎಂದರು ಗುರುಗಳು. ಆ ಹಿರಿಯ ಗುರುಗಳು ಈಗ ಉಸಿರೇ ಎಳೆದುಕೊಳ್ಳುತ್ತಿಲ್ಲ ಎಂಬ ಮಾತನ್ನು ನಾನು ಎತ್ತಲಿಲ್ಲ. “ಉಲ್ಟಾ ಹೇಳಿದ್ರೆ ಇಷ್ಟು ದಿನ ಮಾಡಿದ್ದೆಲ್ಲ ಸೋರಿಹೋಗುತ್ತೆ” ಎಂದರು ಟೀಚರಮ್ಮ. ನಮ್ಮ ಜಗಳವೂ ಪಾತ್ರೆಗಳ ಸದ್ದೂ ಅಂದಿನಿಂದ ಜಾರಿಗೆ ಬಂದವು.

೩. ಕಳೆದ ಭಾನುವಾರ ನನ್ನ ತಾಯಿಗೆ ಉಬ್ಬಸ ಕೆರಳಿತು. ನಾನು ಎಡಗೈ ಹಿಡಿದು “ಅಮ್ಮಾ, ಸೋ ಅಂತ ಎಳ್ಕೊ” ಎಂದೆ. ಹೆಂಡತಿ ಬಲಗೈ ಹಿಡಿದು “ಅತ್ತೆ, ಅವರ ಮಾತು ಕೇಳ್ಬೇಡಿ, ಹಂ ಅಂತ ಎಳ್ಕೊಳ್ಳಿ” ಎಂದಳು. ಅಮ್ಮ ಎರಡೂ ಕೈ ಬಿಡಿಸಿಕೊಂಡು ಕಪಾಟಿನತ್ತ ಬೆರಳು ತೋರಿದರು. “ಆ ಪಂಪು ಕೊಡ್ರೋ ಮೊದ್ಲು! ಮಂತ್ರ ನಾನು ಸತ್ತಮೇಲೆ ಹೇಳಿ.”

ಪಂಪು ಕಣ್ಣೆದುರೇ ಇತ್ತು. ಔಷಧಿ ಎಳೆದುಕೊಂಡ ಮೇಲೆ ಅವರ ತುಟಿಗೆ ಬಣ್ಣ ಬಂತು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಗೋಡೆಯ ಕಡೆ ತಿರುಗಿ ನಿಂತೆ.

೪. ತದನಂತರ ಅಮ್ಮ “ನನಗೂ ಒಂದು ಮಂತ್ರ ಉಂಟು” ಎಂದು ‘ಅಯ್ಯೋ’ ಎಂದು ಎಳೆದು ‘ಅಮ್ಮಾ’ ಎಂದು ಬಿಟ್ಟರು. ನಾವಿಬ್ಬರೂ ಹಾಗೇ ಮಾಡಿ ನೋಡಿದೆವು. ಇಬ್ಬರ ಉಸಿರೂ ಕೂಡಿತು, ನಗುವೂ ಬಂತು. ಪಾತ್ರೆಗಳು ಸದ್ಯ ತಂತಮ್ಮ ಜಾಗದಲ್ಲಿವೆ.

ಆದ್ದರಿಂದ, ಮೇಲ್ಕಂಡ ಪರಂಪರೆಗೆ ತರಗತಿಯಿಲ್ಲದ ಭಾನುವಾರದ ಸಂಜೆ ಮಂಜೂರು ಮಾಡಿ, ಸ್ಥಾಪಕರಾದ ಅಮ್ಮನಿಗೆ ನೆಲದ ಮೇಲೆ ಕೂರಲಾಗದ ಕಾರಣ, ಗುರುಪೀಠವಾಗಿ ಕೈಯಿರುವ ಪ್ಲಾಸ್ಟಿಕ್ ಕುರ್ಚಿಯೊಂದನ್ನು ದಯಪಾಲಿಸಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ (ಶ್ವಾಸವೂ ಸರಿಯಿದೆ),
ಸಹಿ

ಲಗತ್ತುಗಳು:
೧. ಸ್ಥಾಪಕರ ಹೆಬ್ಬೆಟ್ಟಿನ ಗುರುತು.
೨. ಹೆಂಡತಿಯ ಒಪ್ಪಿಗೆ (ಬಾಯಿಮಾತಿನದು, ಆದ್ದರಿಂದ ಲಗತ್ತಿಸಿಲ್ಲ).

ವಿ.ಸೂ.: ಕುರ್ಚಿಯ ಕಾಲು ಅಲುಗಾಡದಿರಲಿ. ನಮ್ಮ ಹೊಸ ಗುರುಗಳು ಬೈಯುತ್ತಾರೆ.