ಎರಡು ಬೆರಳು ಕ್ರೀಮು, ಒಂದು ಗೇಣು ಬದು

ನೆನಪನ್ನು ನಂಬಬಾರದು ಎಂಬುದನ್ನು ನಾನು ಕಲಿತದ್ದು ಹೊಲದ ಬದುವಿನ ಮೇಲೆ ನಿಂತು. ನಾನು ಭೂಮಾಪಕ, ಜನರ ಬಾಯಲ್ಲಿ ಸರ್ವೇದವ. ಹೊಲಗಳ ಗಡಿ, ಅಂದರೆ ಹದ್ದು, ಅಳೆಯಲು ಹೋದಲ್ಲೆಲ್ಲ ಒಬ್ಬ ಹಿರಿಯರು ಎದ್ದು ನಿಂತು, "ನಮ್ಮ ಮುತ್ಯಾ ಈ ಬೇವಿನ ಗಿಡದ ತನಕ ಗಳೇ ಹೊಡೀತಿದ್ದ, ನಾ ಕಣ್ಣಾರೆ ನೋಡೀನಿ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆಚೆ ಹೊಲದ ಹಿರಿಯರೂ ಅಷ್ಟೇ ಪ್ರಾಮಾಣಿಕವಾಗಿ ಇನ್ನೊಂದು ಬೇವಿನ ಗಿಡವನ್ನು ನೋಡಿರುತ್ತಾರೆ. ಹಳೆಯ ನಕ್ಷೆ ಬಿಚ್ಚಿದರೆ ಅದರಲ್ಲಿ ಎರಡೂ ಗಿಡ ಇರುವುದಿಲ್ಲ. ನೆನಪಿಗೂ ದಾಖಲೆಗೂ ತಕರಾರು ಬಿದ್ದರೆ ದಾಖಲೆಯೇ ಖರೆ, ಇದು ನನ್ನ ಕಸುಬಿನ ಧರ್ಮ. ಕಲಬುರಗಿಗೆ ಹೋಗಿ ಭೂಗೋಳ ಓದಿ ಬಂದಾಗಿನಿಂದ ನಾನು ದಿನಾ ಡೈರಿ ಬರೆಯುವುದೂ ಇದಕ್ಕೇ. ನನ್ನ ತಲೆಯೊಳಗೂ ಬೇಕಾದಷ್ಟು ಬೇವಿನ ಗಿಡಗಳಿವೆ.

ಇಷ್ಟು ಪೀಠಿಕೆ ಯಾಕೆಂದರೆ ಒಂದು ವಿಷಯ ಒಪ್ಪಿಕೊಳ್ಳಬೇಕಾಗಿದೆ. ನಲವತ್ತೇಳು ವರ್ಷದ, ಮೀಸೆಯುಳ್ಳ, ಬಸವಕಲ್ಯಾಣದ ಗಂಡಸಾದ ನಾನು ದಿನಾ ಬೆಳಿಗ್ಗೆ ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತೇನೆ. ನಗುವವರು ಈಗಲೇ ನಕ್ಕು ಮುಗಿಸಬಹುದು. ನಾನು ಕಾಯುತ್ತೇನೆ.

ಮೊದಲು ಎಡಗೆನ್ನೆಯ ಮೇಲೆ ತೊಗರಿಕಾಳಿನಷ್ಟು ಕಂದು ಕಲೆ ಎದ್ದಿತು. ವರ್ಷದೊಳಗೆ ಅದು ಪಾಲಾದ ಹೊಲದ ಹಾಗೆ ಪೋಡಿಯಾಗಿ ಮೂರು ತುಂಡಾಯಿತು, ಮೂಗಿನ ಮೇಲೆ ಅತಿಕ್ರಮಣ ಮಾಡಿತು. ಕಿವಿಯ ತುದಿಯಲ್ಲಿ ಒಂದು ಒರಟು ಹಕ್ಕಳೆ ಕಟ್ಟಿ, ಉದುರಿ, ಮತ್ತೆ ಕಟ್ಟತೊಡಗಿತು. ಹುಮನಾಬಾದಿನಲ್ಲಿ ನನ್ನ ಆಫೀಸಿದೆ, ಚರ್ಮದ ಡಾಕ್ಟರಮ್ಮನೂ ಅಲ್ಲೇ ಇದ್ದಾರೆ. "ದಿನಾ ಬಿಸಿಲಾಗ ಎಷ್ಟು ಹೊತ್ತು ಇರ್ತೀರಿ?" ಎಂದು ಕೇಳಿದರು. "ನೆರಳಾಗ ಎಷ್ಟು ಹೊತ್ತು ಅಂತ ಕೇಳ್ರಿ ಮೇಡಂ, ಹೇಳೋದು ಸರಳ ಆಗ್ತದ" ಎಂದೆ. ಅವರು ನಗಲಿಲ್ಲ. ಕೆನ್ನೆಯದು ಬಂಗು, ಬಿಸಿಲಿಗೆ ಹೆಚ್ಚುತ್ತದೆ ಎಂದರು. ಕಿವಿಯನ್ನು ಮಾತ್ರ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಈಗ ಅಂಜುವಂಥಾದ್ದೇನಿಲ್ಲ. ಆದ್ರ ಇನ್ನ ಮುಂದ ಬರಿ ಮಾರಿಲೆ ಬಿಸಿಲಿಗಿ ಹೋಗಬ್ಯಾಡ್ರಿ. ಆರು ತಿಂಗಳಿಗೆ ಮತ್ತ ತೋರಿಸ್ರಿ" ಎಂದರು. ಅಷ್ಟು ಹೊತ್ತು ಯಾಕೆ ನೋಡಿದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕೇಳಲಿಲ್ಲ ಎಂಬುದನ್ನೂ ಆ ದಿನದ ಡೈರಿಯಲ್ಲಿ ಬರೆದಿದ್ದೇನೆ.

ಆ ಸಂಜೆಯೇ ನಮ್ಮೂರ ಔಷಧಿ ಅಂಗಡಿಗೆ ಹೋದೆ. ನಾನು ಮುಖದ ಕ್ರೀಮು ಎಂದ ತಕ್ಷಣ ಅಂಗಡಿಯ ರಫೀಕ್ ಭಾಯ್ ಬೆಳ್ಳಗಾಗುವ ಟ್ಯೂಬು ತೆಗೆದು ಮುಂದಿಟ್ಟರು. ಆಗ ನಾನು ಎದೆ ಸೆಟೆಸಿ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಭಾಯ್, ನನಗ ಬೆಳ್ಳಗಾಗೋದು ಬೇಕಾಗಿಲ್ಲ. ಇದ್ದ ಬಣ್ಣ ಉಳಿದ್ರ ಸಾಕು." ನಮ್ಮ ಕಡೆ ಹೆಣ್ಣು ನೋಡಲು ಬಂದವರಿಂದ ಹಿಡಿದು ಫೋಟೋ ತೆಗೆಯುವವನ ತನಕ ಎಲ್ಲರೂ ಬೆಳ್ಳಗಿನದಕ್ಕೇ ಶರಣು. ಅಂಥಲ್ಲಿ ಒಬ್ಬ ಕಪ್ಪು ಮನುಷ್ಯ ತನ್ನ ಕಪ್ಪನ್ನು ಕಾಪಾಡಿಕೊಳ್ಳಲು ಕ್ರೀಮು ಕೇಳುವುದು ಸಣ್ಣ ಮಾತಲ್ಲ. ಈ ವಾಕ್ಯವನ್ನು ನಾನು ಆಫೀಸಿನಲ್ಲಿ ಹೇಳಿದ್ದೇನೆ, ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದೇನೆ, ಎರಡು ಮದುವೆಯ ಪಂಕ್ತಿಯಲ್ಲಿ ಕುಂತು ಹೇಳಿದ್ದೇನೆ.

ಆದರೆ ಸರಿಯಾದ ಸನ್‌ಸ್ಕ್ರೀನ್ ಆರಿಸುವುದು ಹದ್ದು ಅಳೆದಷ್ಟು ಸುಲಭವಲ್ಲ. ಟ್ಯೂಬಿನ ಮೇಲೆ ಮೂವತ್ತು, ಐವತ್ತು ಎಂದು ಸರ್ವೆ ನಂಬರಿನ ಹಾಗೆ ಅಂಕಿ, ಮುಂದೆ ಅಧಿಕ ಚಿಹ್ನೆಗಳು. ಡಾಕ್ಟರಮ್ಮ ಹೇಳಿದ್ದು ಇಷ್ಟು: ಅಂಕಿ ಮೂವತ್ತಕ್ಕಿಂತ ಕಡಿಮೆ ಬೇಡ, ಬಯಲಲ್ಲೇ ದುಡಿಯುವವರಿಗೆ ಐವತ್ತು ಒಳ್ಳೆಯದು, ಸುಡುವ ಕಿರಣ, ಕಲೆ ತರುವ ಕಿರಣ ಎರಡನ್ನೂ ತಡೆಯಬೇಕು, ಬೆವರಿಗೆ ಬೇಗ ಹೋಗಬಾರದು, ಮುಖ ಕುತ್ತಿಗೆಗೆ ಎರಡು ಬೆರಳುದ್ದ ಹಿಂಡಿ ಹಚ್ಚಬೇಕು, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಮೊದಲು ತಂದದ್ದು ಎಣ್ಣೆ ಎಣ್ಣೆ. ಹನ್ನೊಂದರ ಬಿಸಿಲಿಗೆ ಕರಗಿ ಕಣ್ಣಿಗಿಳಿಯಿತು. ನಾನು ಅಳತೆಯ ಯಂತ್ರದ ಪರದೆ ನೋಡುತ್ತ ಕಣ್ಣೊರೆಸಿಕೊಳ್ಳುವುದನ್ನು ಕಂಡ ಕೊಡಂಬಲದ ಒಬ್ಬ ರೈತರು, ತಮ್ಮ ಜಮೀನು ಕಡಿಮೆ ಬಿತ್ತೆಂದು ಸರ್ವೇದವ ಅಳುತ್ತಿದ್ದಾನೆಂದು ತಿಳಿದು ಗಾಬರಿಯಾದರು.

ಎರಡನೆಯದು ಜೆಲ್. ತಂಪಾಗಿತ್ತು, ಹಗುರಾಗಿತ್ತು, ಹಚ್ಚಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗೂ ಗೊತ್ತಾಗುತ್ತಿರಲಿಲ್ಲ. ಬೈಕು ಹೆದ್ದಾರಿಗೆ ಬಂದ ಮೇಲೆ, 'ಇವತ್ತು ಹಚ್ಚಿದೆನೋ ಇಲ್ಲವೋ' ಎಂಬ ಅನುಮಾನ. ಹಚ್ಚಿದ ನೆನಪಿರುತ್ತಿತ್ತು. ಆದರೆ ಅದು ಇವತ್ತಿನ ನೆನಪೋ ನಿನ್ನೆಯದೋ? ಒಂದು ದಿನ ಮೂರು ಸಲ ಹಚ್ಚಿದೆ, ಮರುದಿನ ಒಮ್ಮೆಯೂ ಇಲ್ಲ. ಕೊನೆಗೆ ರಫೀಕ್ ಭಾಯ್ ಮೂರನೆಯ ಟ್ಯೂಬು ಕೊಡುತ್ತ, "ಇದು ಭಾಳ ಛಲೋ ಅದರಿ ಸರ, ಆದ್ರ ಮಾರಿ ಮ್ಯಾಲ ಬೆಳ್ಳಗ ಕಾಣ್ತದ. ಗಿರಾಕಿ ವಾಪಸ್ ತರ್ತಾರ" ಎಂದರು. ನಾನು ಅದನ್ನೇ ಹಿಡಿದೆ. ನೆನಪನ್ನು ನಂಬದವನಿಗೆ ಇದಕ್ಕಿಂತ ಒಳ್ಳೆಯದು ಇನ್ನಾವುದಿದೆ? ಹಚ್ಚಿದ್ದಕ್ಕೆ ದಾಖಲೆ ಮುಖದ ಮೇಲೇ ಇರುತ್ತದೆ.

ಆ ದಾಖಲೆ ಹೊತ್ತು ನಿರ್ಣಾ ಎಂಬ ಹಳ್ಳಿಗೆ ಅಳತೆಗೆ ಹೋದೆ. ಅಣ್ಣ ಸಿದ್ರಾಮಪ್ಪ, ತಮ್ಮ ಕಲ್ಲಪ್ಪ. ನಡುವೆ ಒಂದು ಗೇಣು ಬದುವಿನ ಜಗಳ, ಮೂರು ವರ್ಷದಿಂದ ಮಾತಿಲ್ಲ. ಒಬ್ಬರು ಆ ತುದಿಯಲ್ಲಿ, ಇನ್ನೊಬ್ಬರು ಈ ತುದಿಯಲ್ಲಿ ನಿಂತು ತಮ್ಮ ತಮ್ಮ ಬೇವಿನ ಗಿಡ ತೋರಿಸಿದ್ದರು. ಮೊದಲು ಹಚ್ಚಿ ಎರಡು ತಾಸು ಆಗಿತ್ತು, ನಾನು ಟ್ಯೂಬು ತೆಗೆದು ಎರಡು ಬೆರಳಿಗೆ ಹಿಂಡಿಕೊಂಡೆ.

"ಅಣ್ಣಾ, ಇಲ್ಲಿ ನೋಡು! ಸಾಹೇಬ್ರು ಪೌಡರ್ ಹಚ್ಕೊಳ್ಳಾಕತ್ತಾರ!" ಎಂದು ಕಲ್ಲಪ್ಪ ಕೂಗಿದ.

"ಮದಿವಿ ಯಾರ್ದೋ ತಮ್ಮಾ?" ಎಂದ ಸಿದ್ರಾಮಪ್ಪ.

ಮೂರು ವರ್ಷದ ಮೌನ ನನ್ನ ಕೆನ್ನೆಯ ಮೇಲೆ ಮುರಿಯಿತು. ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಕಲ್ಲಪ್ಪ ನಗು ನಿಲ್ಲಿಸಿ, "ಬಿಸಿಲಿಗಿ ಅಂಜೋ ಮನುಷ್ಯಾ ಬಾಂದುಗಲ್ಲು ಏನ್ ಹುಡುಕ್ತಾನ್ರಿ? ಇವರು ತೋರಿಸಿದ ಹದ್ದಿಗಿ ನಾ ಸಹಿ ಹಾಕಂಗಿಲ್ಲ. ನಮ್ಮ ಮುತ್ಯಾ ಇಂಥಾದ್ದೆಲ್ಲ ಹಚ್ಚಿದ್ನೇನು?" ಎಂದ.

ಇದು ನಾಟಿತು. ನನ್ನ ಬಣ್ಣದ ಬಗ್ಗೆ ಏನಾದರೂ ಅನ್ನಲಿ, ಇಪ್ಪತ್ತು ವರ್ಷ ಅಳೆದವನ ಗೆರೆಯ ಬಗ್ಗೆ ಅನ್ನಬಾರದು. ಟ್ಯೂಬನ್ನು ಜೇಬಿಗೆ ಇಡಬಹುದಿತ್ತು. ಇಡಲಿಲ್ಲ. ಇನ್ನೆರಡು ಬೆರಳು ಹಿಂಡಿ, ಅವನ ಕಡೆ ಮುಖ ಮಾಡಿಯೇ ಕಿವಿ, ಕುತ್ತಿಗೆ, ಹಣೆಗೆಲ್ಲ ದಪ್ಪಗೆ ಬಳಿದುಕೊಂಡೆ. "ಕಲ್ಲು ಸಿಗೂ ತನಕ ನೆರಳಿಗಿ ಬರಂಗಿಲ್ಲ, ಸಲಿಕಿ ತರ್ರಿ" ಎಂದೆ. ಒಂದೂವರೆ ತಾಸು ಅಗೆಸಿದೆ. ಹದ್ದಿನ ಕಲ್ಲು ಸಿಕ್ಕಿತು, ಇಬ್ಬರೂ ತೋರಿಸಿದ ಗಿಡಗಳಿಗೆ ಸಂಬಂಧವಿಲ್ಲದ ಜಾಗದಲ್ಲಿ. ಆದರೂ ಕಲ್ಲಪ್ಪ ಪೆನ್ನು ಮುಟ್ಟಲಿಲ್ಲ.

ಆ ಹೊತ್ತಿಗೆ ಅವರ ತಾಯಿ ಮಜ್ಜಿಗೆ ತಂಬಿಗೆ ಹಿಡಿದು ಬಂದರು. ನನ್ನ ಬಿಳಿ ಹಣೆ, ಬಿಳಿ ಕುತ್ತಿಗೆ ನೋಡಿದವರೇ ತಂಬಿಗೆ ಕೆಳಗಿಟ್ಟು ಕೈ ಮುಗಿದರು. "ಶರಣ್ರಿ ಅಪ್ಪಾರ. ಯಾವ ಮಠ ನಿಮ್ದು?"

ಮಕ್ಕಳಿಬ್ಬರೂ ಬದುವಿನ ಮೇಲೆ ಬಿದ್ದು ನಕ್ಕರು, ಅದೂ ಒಂದೇ ಕಡೆ ಬಿದ್ದು. ಶರಣರ ನಾಡಿನಲ್ಲಿ ಮೈತುಂಬ ವಿಭೂತಿ ಧರಿಸಿದವನ ಅಳತೆಗೆ ಯಾರೂ ತಕರಾರು ಹೇಳುವುದಿಲ್ಲ. ಹೌದವ್ವ ಎಂದುಬಿಡಲೇ ಎಂದು ಒಂದು ಕ್ಷಣ ಆಸೆಯೂ ಆಯಿತು. ಆದರೆ, "ಇದು ವಿಭೂತಿ ಅಲ್ಲವ್ವ, ಬಿಸಿಲಿನ ಮುಲಾಮು. ಮಾರಿ ಕೆಡಬಾರ್ದಂತ ಡಾಕ್ಟರ್ ಕೊಟ್ಟಾರ" ಎಂದೆ.

ಮುದುಕಿ ನನ್ನ ಕಿವಿಯನ್ನು ಡಾಕ್ಟರಮ್ಮನಷ್ಟೇ ಹೊತ್ತು ನೋಡಿದರು. ಆಮೇಲೆ ಮಕ್ಕಳ ಕಡೆ ತಿರುಗಿದರು. "ಯಾಕ ನಗ್ತೀರೋ? ನಿಮ್ಮ ಮುತ್ಯಾ ತಲಿಗಿ ರುಮಾಲು ಸುತ್ತದೇ ಹೊಲಕ್ಕ ಹೋಗಿದ್ದು ನಾ ಒಂದಿನಾ ನೋಡಿಲ್ಲ. ನೀವು ಒಂದು ಗೇಣು ಬದು ಕಾಯಾಕ ಮೂರು ವರ್ಷ ಮಾತು ಬಿಟ್ಟೀರಿ. ಈ ತಮ್ಮ ತನ್ನ ಒಂದು ಗೇಣು ಮಾರಿ ಕಾಯ್ಕೊಂಡ್ರ ನಿಮಗ ನಗಿ ಬರ್ತದ? ಹಾಕು ಸಹಿ!"

ಕಲ್ಲಪ್ಪ ಸಹಿ ಹಾಕಿದ. ಈ ಮಾತು ಮುದುಕಿಯದೇ, ನಾನು ಕಟ್ಟಿದ್ದಲ್ಲ. ಅವತ್ತೇ ಬದುವಿನ ಮೇಲೆ ಕುಂತು ಬರೆದುಕೊಂಡಿದ್ದೇನೆ.

ಇದನ್ನು ಕೇಳಿ ಕೇಳಿ ಬೇಸತ್ತವಳು ನನ್ನ ಹೆಂಡತಿ ಶಾಂತಾ. ಹೋದ ಭಾನುವಾರ ನೆಂಟರ ಮುಂದೆ ನಾನು ಮತ್ತೆ ಮೊದಲಿನಿಂದ, ಅಂದರೆ ರಫೀಕ್ ಭಾಯಿಗೆ ಎದೆ ಸೆಟೆಸಿ ಹೇಳಿದ ವಾಕ್ಯದಿಂದ, ಶುರು ಮಾಡಿದೆ. "ರೀ, ನೆನಪಿನ ಮಾತು ಸಾಕು. ದಾಖಲೆ ತಗಸೂಣು" ಎಂದು ಒಳಗೆ ಹೋದವಳು ಡೈರಿ ತಂದು, ಆ ದಿನದ ಪುಟ ತೆಗೆದು, ಗಟ್ಟಿಯಾಗಿ ಓದಿದಳು:

"ಸಂಜೆ ಔಷಧಿ ಅಂಗಡಿಗೆ ಹೋದೆ. ಬೇರೆ ಗಿರಾಕಿ ಇಲ್ಲದ್ದು ನೋಡಿ, ಸನ್‌ಸ್ಕ್ರೀನ್ ಹಚ್ಚಿದರೆ ಸ್ವಲ್ಪ ಬೆಳ್ಳಗಾಗುತ್ತದೇನು ಎಂದು ಕೇಳಿದೆ. 'ಬೆಳ್ಳಗ ಆಗಂಗಿಲ್ರಿ ಸರ, ಇದ್ದ ಬಣ್ಣ ಉಳೀತದ' ಎಂದರು ರಫೀಕ್ ಭಾಯ್. ಸ್ವಲ್ಪ ನಿರಾಶೆಯಾಯಿತು."

ಅಕ್ಷರ ನನ್ನದೇ. ನೆಂಟರು ನಕ್ಕರು. ಶಾಂತಾ ಪೆನ್ನು ಮುಂದೆ ಹಿಡಿದು, "ಹಾಕ್ರಿ ಸಹಿ" ಎಂದಳು.

ನಾನು ಹಾಕಿಲ್ಲ. ಹಾಕುವುದೂ ಇಲ್ಲ. ಊರೂರಿಗೆ ಹೋಗಿ ದಾಖಲೆಯೇ ಖರೆ ಎಂದು ಸಾರಿದವನು ಈಗ ಮನೆಯಲ್ಲಿ, "ನಾ ಹಂಗ ಅಂದಿದ್ದು ಖರೆ, ನನಗ ಛಲೋ ನೆನಪದ" ಎಂದು ಬೇವಿನ ಗಿಡದ ಹಿರಿಯರಂತೆ ವಾದಿಸುತ್ತಿದ್ದೇನೆ. ಆ ಮಾತು ಮೊದಲು ಯಾರದೇ ಇರಲಿ, ಇಷ್ಟು ದಿನ ಉಳುಮೆ ಮಾಡಿದವನು ನಾನು. ಕ್ರೀಮನ್ನಂತೂ ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಎರಡು ಬೆರಳು ಹಿಂಡಿ ಹಚ್ಚುತ್ತೇನೆ. ಹಚ್ಚಿದ ಮೊದಲ ಐದು ನಿಮಿಷ, ಅದು ಬೆವರಿಗೆ ಪಟ್ಟೆ ಪಟ್ಟೆಯಾಗುವ ಮುಂಚೆ, ಮುಖ ಸಾಕಷ್ಟು ಬೆಳ್ಳಗೇ ಕಾಣುತ್ತದೆ. ಆಗ ನಾನು ಕನ್ನಡಿಯ ಮುಂದೆ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಲ್ಲುತ್ತೇನೆ. ಇದನ್ನು ಮಾತ್ರ ಡೈರಿಯಲ್ಲಿ ಬರೆದಿಲ್ಲ. ದಾಖಲೆಯಲ್ಲಿ ಇಲ್ಲದ್ದು ನಡೆದೇ ಇಲ್ಲ.