ಓ ಎಂದ ಗಾಜಿನ ಬಳೆ

ನಾನು ಬಿ.ಎಸ್ಸಿ. ಪಾಸಾಗುವುದು ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಸೋದರಮಾವ ಬಸಪ್ಪ. ಕುರ್ಲಾದ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದ ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ನಮ್ಮ ವಂಶದಲ್ಲಿ ಅದುವರೆಗೆ ಕಾಲೇಜಿನ ಮೆಟ್ಟಿಲು ಹತ್ತಿದವರೆಂದರೆ ಅದನ್ನು ಕಟ್ಟುವಾಗ ಗಾರೆ ಹೊತ್ತವರು ಮಾತ್ರ. ಚಾಳಿನಲ್ಲಿ ಮಾವ-ಅತ್ತೆಯರ ಒಂದೇ ಕೋಣೆಯಲ್ಲಿ ಉಂಡು ಮಲಗಿ, ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ರೇಡಿಯೊ ರಿಪೇರಿ ಅಂಗಡಿ ಎಂದು ಓಡಾಡುತ್ತಿದ್ದ ನನಗೂ ಒಳಗೊಳಗೇ ಅವರು ಹೇಳುವುದು ಸರಿ ಎನ್ನಿಸುತ್ತಿತ್ತು.

ಕೊನೆಯ ವರ್ಷ ಒಂದು ಯಂತ್ರ ಮಾಡಿ ಪರೀಕ್ಷಕರ ಮುಂದೆ ನಡೆಸಿ ತೋರಿಸಬೇಕಿತ್ತು. ನಡೆಯದಿದ್ದರೆ ನಪಾಸು. ನಾನು ಅತ್ತೆಯ ಹಸಿರು ಗಾಜಿನ ಬಳೆಗೆ ತಾಮ್ರದ ತಂತಿ ಸುತ್ತಿ, ಹಳೆಯ ರೇಡಿಯೊದ ಕಂಡೆನ್ಸರ್ ಬೆಸೆದೆ. ಇನ್ನೊಂದು ಕಡೆ ಮುಳ್ಳಿನ ಮೀಟರ್ ಇರುವ ಪೆಟ್ಟಿಗೆ. ಮಾವನಿಗೆ ವಿವರಿಸಿದೆ: “ಮಾವಾ, ನೀವು ಗೇಟಿನಾಗ ‘ಯಾರಪ್ಪಾ?’ ಅಂತೀರಿ, ಬಂದಾವ ‘ನಾನ್ರೀ’ ಅಂತಾನ. ಇದೂ ಹಂಗ. ಪೆಟ್ಟಿಗಿ ರೇಡಿಯೊ ಅಲಿಯೊಳಗ ಕೂಗತೈತಿ, ಬಳಿ ಓ ಅಂತೈತಿ, ಮುಳ್ಳು ಬಗ್ಗತೈತಿ. ಬಳಿಗೆ ಬ್ಯಾಟರಿ ಬೇಕಿಲ್ಲ. ಆ ಕೂಗಿನಾಗಿನ ಶಕ್ತಿನ ತಗೊಂಡು ಓ ಅಂತೈತಿ.”

ಮಾವ ಬೀಡಿ ಆರಿಸಿದರು. “ಅಳ್ಯಾ, ಹೊಟ್ಟಿಗೆ ಇಲ್ಲದಾವ ಕರದ್ರ ಓ ಅಂತಾನೇನು? ಆ ಬಳಿ ಓ ಅನ್ನಂಗಿಲ್ಲ, ನೀ ಪಾಸಾಗಂಗಿಲ್ಲ.”

ವಿಮಾನಗಳು ಕೆಳಗಿನಿಂದ ಕರೆದರೆ ಹೀಗೆಯೇ ಗುರುತು ಹೇಳುತ್ತವೆಂದೂ, ಪರದೇಶದ ಅಂಗಡಿಗಳಲ್ಲಿ ಕದ್ದ ಕೋಟು ಬಾಗಿಲು ದಾಟುವಾಗ ಅದರ ಚೀಟಿಯೇ ಓ ಎಂದು ಗಂಟೆ ಹೊಡೆಸುತ್ತದೆಂದೂ ನಾನು ಓದಿದ್ದೆ. ನನ್ನ ಆಸೆ ಅಷ್ಟು ದೊಡ್ಡದಲ್ಲ. ಒಂದೊಂದು ಬಳೆಯನ್ನು ಒಂದೊಂದು ರೇಡಿಯೊ ಸ್ಟೇಷನ್ನಿಗೆ ಹೊಂದಿಸಿ ಕಟ್ಟಿದರೆ, ಚಾಳಿನ ನಲ್ಲಿಯ ಮುಂದೆ ಸಾಲಿಟ್ಟ ಕೊಡಗಳು ತಮ್ಮ ಒಡತಿ ಯಾರೆಂದು ತಾವೇ ಹೇಳಿ ಬೆಳಗಿನ ಯುದ್ಧ ನಿಲ್ಲಿಸಬಹುದಲ್ಲ! ಅತ್ತೆಯ ಹಿತ್ತಾಳೆ ಕೊಡಕ್ಕೆ ಬಳೆ ಕಟ್ಟಿ ನೋಡಿದೆ. ಬಳೆ ಮೂಕವಾಯಿತು. ಕೊಡದಲ್ಲೇ ಏನೋ ಐಬಿದೆ ಎಂದು ಅತ್ತೆಗೆ ಹೇಳಿ ಬೈಸಿಕೊಂಡೆ. ರೊಟ್ಟಿ ಬಡಿಯುವ ಕಟ್ಟಿಗೆಯ ಮಣೆಯೇ ನಮ್ಮ ಮನೆಯ ಏಕೈಕ ಮೇಜು. ಅದರ ಮೇಲಿಟ್ಟರೆ ಬಳೆ ಕರೆದಾಗಲೆಲ್ಲ ಓ ಎನ್ನುತ್ತಿತ್ತು. ಅಷ್ಟು ಸಾಕೆಂದು ನಿಶ್ಚಿಂತನಾದೆ.

ಪರೀಕ್ಷೆಯ ದಿನ ಪೆಟ್ಟಿಗೆ, ಬಳೆ, ಅತ್ತೆ ಕಟ್ಟಿಕೊಟ್ಟ ಬುತ್ತಿ ಹಿಡಿದು ಲೋಕಲ್‌ನಲ್ಲಿ ಜೋತಾಡಿ ಕಾಲೇಜು ಮುಟ್ಟಿದೆ. ಅಲ್ಲಿ ನನಗೆ ಕೊಟ್ಟದ್ದು ತಗಡು ಹೊದಿಸಿದ ಮೇಜು. ಸ್ವಿಚ್ ಹಾಕಿದೆ. ಮುಳ್ಳು ಮಿಸುಕಲಿಲ್ಲ. ಮರಾಠಿ ಪರೀಕ್ಷಕರು ಕನ್ನಡಕ ಒರೆಸಿಕೊಂಡು ಕಾದರು. ಮಾವನ ಮುಖ ಕಣ್ಮುಂದೆ ಬಂತು. ಅದರ ಹಿಂದೆಯೇ ಹಿತ್ತಾಳೆ ಕೊಡವೂ ಬಂತು. ಐಬು ಕೊಡದ್ದಲ್ಲ, ಲೋಹದ್ದು! ಲೋಹ ಹತ್ತಿರವಿದ್ದರೆ ಆ ಅಲೆಗಳ ಶ್ರುತಿಯೇ ಕೆಡುತ್ತದೆ. ಎರಡನ್ನೂ ತಗಡಿನಿಂದ ಎತ್ತರಿಸಬೇಕು, ಆದರೆ ಯಾವುದರ ಮೇಲೆ? ಬುತ್ತಿ ಬಿಚ್ಚಿ ಖಡಕ್ ರೊಟ್ಟಿಗಳ ಎರಡು ಗುಡ್ಡೆ ಮಾಡಿ, ಒಂದರ ಮೇಲೆ ಪೆಟ್ಟಿಗೆ, ಇನ್ನೊಂದರ ಮೇಲೆ ಬಳೆ ಕೂರಿಸಿದೆ.

“ಹೇ ಕಾಯ್ ಆಹೇ?” ಎಂದು ಪರೀಕ್ಷಕರು ರೊಟ್ಟಿಯತ್ತ ಬೆರಳು ಮಾಡಿದರು.

“ಇನ್ಸುಲೇಟರ್, ಸರ್,” ಎಂದೆ. ಸ್ವಿಚ್ ಹಾಕಿದೆ. ಮುಳ್ಳು, ಮಾವನ ಸಾಹೇಬರು ಬಂದಾಗ ಮಾವ ಬಗ್ಗುವಂತೆ ಬಗ್ಗಿತು. ಬಳೆ ತೆಗೆದರೆ ಎದ್ದಿತು, ಇಟ್ಟರೆ ಬಗ್ಗಿತು. ಪರೀಕ್ಷಕರು ಇನ್ಸುಲೇಟರಿನ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. “ಅರೇ, ಭಾಕರೀ! ಚಟ್ನೀ ಕುಠೇ?” ಎಂದು ಬುತ್ತಿಯೊಳಗೆ ಇಣುಕಿದರು. ಶೇಂಗಾ ಚಟ್ನಿಯನ್ನೂ ಮುಂದಿಟ್ಟೆ. ಅಂಕ ಬಿದ್ದದ್ದು ಬಳೆಗೋ ಚಟ್ನಿಗೋ ನಾನು ಈವರೆಗೆ ಕೇಳಲು ಹೋಗಿಲ್ಲ.

ಪದವಿ ಪತ್ರ ತಂದ ದಿನ ಅದನ್ನು ಮಾವನ ಕೈಗೇ ಕೊಟ್ಟೆ. ಓದು ಬಾರದ ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ, ಗೇಟಿನ ದನಿಯಲ್ಲಿ ಆ ಕಾಗದವನ್ನೇ ಕೇಳಿದರು: “ಯಾರಪ್ಪಾ?”

“ನಾನ್ರೀ ಮಾವಾ,” ಎಂದೆ.

ಒಲೆಯ ಮುಂದಿದ್ದ ಅತ್ತೆ ತಿರುಗಿಯೂ ನೋಡಲಿಲ್ಲ. “ಓ ಅಂದ್ರ ಏನ್ ದೊಡ್ಡದಾತು? ಇಷ್ಟು ವರ್ಷ ನನ್ನ ರೊಟ್ಟಿ ತಿಂದಾನ. ಓ ಅನ್ನದ ಇನ್ನೇನ್ ಮಾಡ್ತಾನ!”